ತಂದದ್ದು ನಾಲ್ಕು ಡಿಸ್ಕ್, ಪೆಟ್ಟಿಗೆಗೆ ಹಾಕಿದ್ದು ಎರಡು

ಕಚೇರಿಯ ಕಡತಗಳನ್ನೆಲ್ಲ ನೆಟ್‌ವರ್ಕಿನಲ್ಲಿ ಹಂಚಿಕೊಡುವ ಹಳೆಯ ನಾಸ್ ಪೆಟ್ಟಿಗೆ ಕೈಕೊಟ್ಟ ದಿನ ಅದರ ಮುಂಭಾಗದ ಮೂರು ದೀಪಗಳಲ್ಲಿ ಒಂದು ಕೆಂಪಗಿತ್ತು. ಎಷ್ಟು ದಿನದಿಂದ ಕೆಂಪಗಿತ್ತೋ ದೇವರೇ ಬಲ್ಲ. ಮೇಜಿನ ಕೆಳಗೆ, ರಟ್ಟಿನ ಡಬ್ಬಿಗಳ ಹಿಂದೆ ಅವಿತಿದ್ದ ಯಂತ್ರ ಅದು. ಡಿಸ್ಕ್ ಕೆಟ್ಟರೆ ಬೀಪ್ ಎಂದು ಕೂಗುವ ಏರ್ಪಾಡೂ ಅದರಲ್ಲಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಕೂಗಿ ತಲೆ ತಿನ್ನುತ್ತದೆ ಎಂದು ಆ ಸದ್ದನ್ನು ಆಫ್ ಮಾಡಿದ್ದವನು ನಾನೇ.

ಒಳಗೆ ತಲಾ 4 ಟಿಬಿಯ ಮೂರು ಡಿಸ್ಕ್‌ಗಳು, ಹಲವು ಡಿಸ್ಕ್‌ಗಳನ್ನು ಒಂದಾಗಿ ದುಡಿಸುವ ರೇಡ್ ಪದ್ಧತಿಯ ಒಂದು ಬಗೆಯಾದ ರೇಡ್ 5ರಲ್ಲಿ. ಒಂದು ಹೋದರೂ ಉಳಿದೆರಡು ಕೆಲಸ ಸಾಗಿಸುತ್ತವೆ ಎಂಬುದು ಅದರ ಭರವಸೆ; ಅಷ್ಟು ದಿನ ಸಾಗಿಸಿಯೂ ಇದ್ದವು. ಹೊಸ ಡಿಸ್ಕ್ ತಂದು ಕೆಟ್ಟದ್ದರ ಜಾಗಕ್ಕೆ ಹಾಕಿದೆ. ಮರುಜೋಡಣೆ ಶುರುವಾಯಿತು. ಶೇಕಡಾ 61ಕ್ಕೆ ಬಂದಾಗ ಎರಡನೆಯ ಡಿಸ್ಕ್ ಓದಲಾಗದ ಸೆಕ್ಟರ್ (ಡಿಸ್ಕಿನ ಒಂದು ಕಿರುತುಣುಕು) ಒಂದಕ್ಕೆ ಮುಗ್ಗರಿಸಿತು. ಯಂತ್ರ ಅದನ್ನೂ ಕೆಟ್ಟದ್ದೆಂದು ಹೊರಗಟ್ಟಿತು. ಮೂರರಲ್ಲಿ ಒಂದೇ ಉಳಿದ ಮೇಲೆ ರೇಡ್ 5ರಿಂದ ಏನೂ ಹುಟ್ಟುವುದಿಲ್ಲ.

ಆಮೇಲಿನ ಎರಡು ದಿನ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮಿನ ಜೊತೆ ಕಳೆದವು. ಮುಗ್ಗರಿಸಿದ ಡಿಸ್ಕನ್ನು ಪೆಟ್ಟಿಗೆಯಿಂದ ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸಿ, ಅದರಲ್ಲಿ ಓದಲು ಸಿಗುವ ಪ್ರತಿ ಸೆಕ್ಟರನ್ನೂ ಹೊಸ ಡಿಸ್ಕಿಗೆ ಇಳಿಸಿಕೊಂಡೆ. ಸುಲಭವಾಗಿ ಸಿಗುವುದನ್ನು ಮೊದಲು ಬಾಚಿಕೊಂಡು, ಹಟ ಹಿಡಿದ ಜಾಗಗಳನ್ನು ಪಟ್ಟಿ ಮಾಡಿಟ್ಟು, ಕೊನೆಗೆ ಅಲ್ಲಿಗೆ ಮತ್ತೆ ಮತ್ತೆ ಹೋಗುವುದು ಅದರ ಕ್ರಮ. ಹತ್ತೊಂಬತ್ತು ಗಂಟೆ ಹಿಡಿಯಿತು. 4 ಟಿಬಿಯಲ್ಲಿ ಕೊನೆಗೂ ಸಿಗದೆ ಉಳಿದದ್ದು 44 ಕೆಬಿ. ಆ ನಕಲು ಮತ್ತು ಆರೋಗ್ಯವಾಗಿದ್ದ ಮೂರನೆಯ ಡಿಸ್ಕ್, ಇವೆರಡನ್ನು ಲಿನಕ್ಸಿನಲ್ಲಿ ರೇಡ್ ಕಟ್ಟುವ ಪ್ರೋಗ್ರಾಮಾದ ಎಂಡಿಎಡಿಎಂ ಕೈಯಲ್ಲಿ ಬಲವಂತವಾಗಿ ಜೋಡಿಸಿದಾಗ ಫೋಲ್ಡರ್‌ಗಳು ತೆರೆದುಕೊಂಡವು. ಎಲ್ಲವನ್ನೂ ಎರವಲು ತಂದ ಡಿಸ್ಕೊಂದಕ್ಕೆ ಸಾಗಿಸಿದೆ. ಒಂದು ಪುಸ್ತಕದ ಮುಖಪುಟದ ಚಿತ್ರದಲ್ಲಿ ಮಾತ್ರ ನಡುವೆ ಅಡ್ಡಕ್ಕೆ ಬೂದು ಪಟ್ಟಿ ಬಂದಿತ್ತು. ಅಕ್ಕ ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ, "44 ಕೆಬಿ ಎಂದೆಯಲ್ಲ, ಅದು ಇಲ್ಲಿ ಬಂದು ಕುಳಿತಿದೆ" ಎಂದಳು.

ಅಕ್ಕ ಪುಸ್ತಕಗಳ ಪುಟವಿನ್ಯಾಸ ಮಾಡುತ್ತಾಳೆ. ನಾನು ಲೆಕ್ಕಪತ್ರ, ಮುದ್ರಣಾಲಯಗಳ ಜೊತೆಗಿನ ವ್ಯವಹಾರ ಮತ್ತು ಯಂತ್ರಗಳ ಯೋಗಕ್ಷೇಮ ನೋಡಿಕೊಳ್ಳುತ್ತೇನೆ. ಮನೆಯ ಒಂದು ಕೋಣೆಯೇ ಕಚೇರಿ. ಹೊಸ ಪೆಟ್ಟಿಗೆ ಕಟ್ಟುವುದೆಂದು ತೀರ್ಮಾನವಾದದ್ದು ಆ ಬೂದು ಪಟ್ಟಿಯ ಮುಂದೆ.

ತಪ್ಪಿದ್ದೆಲ್ಲಿ

ಹೊಸದನ್ನು ಕಟ್ಟುವ ಮೊದಲು ಹಳೆಯದು ಏಕೆ ಬಿತ್ತು ಎಂದು ನೋಡಬೇಕಿತ್ತು. ರೇಡ್ 5ರ ತತ್ತ್ವ ಸರಳ: ಮೂರು ಡಿಸ್ಕ್‌ಗಳಿದ್ದರೆ ಎರಡರಷ್ಟು ದತ್ತಾಂಶ, ಒಂದರಷ್ಟು ಪ್ಯಾರಿಟಿ, ಮೂರರ ಮೇಲೂ ಹರಡಿಕೊಂಡಿರುತ್ತದೆ. ಎರಡು ಸಂಖ್ಯೆಗಳನ್ನೂ ಅವುಗಳ ಮೊತ್ತವನ್ನೂ ಬರೆದಿಟ್ಟರೆ ಮೂರರಲ್ಲಿ ಯಾವುದು ಅಳಿಸಿದರೂ ಉಳಿದೆರಡರಿಂದ ಕಂಡುಹಿಡಿಯಬಹುದಲ್ಲ, ಹಾಗೆ. ಕಷ್ಟ ಬರುವುದು ಆ ಕಂಡುಹಿಡಿಯುವ ಹೊತ್ತಿನಲ್ಲಿ. ಕೆಟ್ಟ ಒಂದನ್ನು ತುಂಬಲು ಉಳಿದೆರಡನ್ನು ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಓದಬೇಕು, ಎಲ್ಲೂ ಎಡವಬಾರದು.

ಸಾಮಾನ್ಯ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ 10ರ ಹದಿನಾಲ್ಕನೆಯ ಘಾತದಷ್ಟು ಬಿಟ್ ಓದಿದರೆ ಹೆಚ್ಚೆಂದರೆ ಒಂದು ಓದಲಾಗದ ದೋಷ ಎಂದು ಬರೆದಿರುತ್ತಾರೆ. ಅದು 12.5 ಟಿಬಿ. ನನ್ನ ಮರುಜೋಡಣೆ ಓದಬೇಕಿದ್ದದ್ದು 8 ಟಿಬಿ. ಈ ಅಂಕಿಯನ್ನು ಹಿಡಿದು ರೇಡ್ 5 ಸತ್ತೇಹೋಯಿತು ಎಂದು ಸಾರುವವರಿದ್ದಾರೆ. ನನಗೆ ಅಷ್ಟು ಭಯವಿಲ್ಲ. ವಿವರಪಟ್ಟಿಯದು ಗರಿಷ್ಠ ಮಿತಿ, ಆರೋಗ್ಯವಾಗಿರುವ ಡಿಸ್ಕ್ ಅದಕ್ಕಿಂತ ಎಷ್ಟೋ ಚೆನ್ನಾಗಿ ನಡೆದುಕೊಳ್ಳುತ್ತದೆ. ನನ್ನನ್ನು ಕೆಡವಿದ್ದು ಆ ಲೆಕ್ಕವಲ್ಲ. ಆ ಎರಡನೆಯ ಡಿಸ್ಕಿನ ಕೆಟ್ಟ ಸೆಕ್ಟರ್‌ಗಳು ಇದ್ದದ್ದು ವರ್ಷಗಳಿಂದ ಯಾರೂ ತೆರೆಯದ ಹಳೆಯ ಕೆಲಸಗಳ ಫೋಲ್ಡರಿನಲ್ಲಿ. ಓದದೆ ದೋಷ ಗೊತ್ತಾಗುವುದಿಲ್ಲ, ಯಾರೂ ಓದಿರಲಿಲ್ಲ. ತಿಂಗಳಿಗೊಮ್ಮೆ ಇಡೀ ಡಿಸ್ಕನ್ನು ಓದಿ ತಾಳೆ ನೋಡುವ ಸ್ಕ್ರಬ್ ಎಂಬ ಕೆಲಸವನ್ನು ಆ ಪೆಟ್ಟಿಗೆಯಲ್ಲಿ ನಿಗದಿ ಮಾಡಬಹುದಿತ್ತು. ಮಾಡಿದ್ದರೆ, ಮೂರೂ ಡಿಸ್ಕ್‌ಗಳು ಜೀವಂತವಿದ್ದಾಗಲೇ ಆ ಸೆಕ್ಟರ್ ಸಿಕ್ಕಿ, ಪ್ಯಾರಿಟಿಯಿಂದ ತುಂಬಿಕೊಂಡು, ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಬೀಪ್ ಆಫ್, ಸ್ಕ್ರಬ್ ಇಲ್ಲ, ಬೇರೆ ಕಡೆ ಪೂರ್ತಿ ನಕಲು ಇಲ್ಲ. ಪಾಪ, ಡಿಸ್ಕಿನ ತಪ್ಪು ಕೊನೆಯದು.

ನಾಲ್ಕು ಡಿಸ್ಕ್‌ಗಳ ಆಸೆ

ಹೊಸ ಪೆಟ್ಟಿಗೆಗೆ ನಾಲ್ಕು ಖಾನೆ. ಕಡಿಮೆ ವಿದ್ಯುತ್ ಕುಡಿಯುವ ಪ್ರೊಸೆಸರ್, 8 ಜಿಬಿ ಮೆಮೊರಿ, ಮೇಲೆ ಡೆಬಿಯನ್ ಎಂಬ ಲಿನಕ್ಸ್. ತಲಾ 4 ಟಿಬಿಯ ನಾಲ್ಕು ಡಿಸ್ಕ್ ತಂದೆ. ಈ 4 ಟಿಬಿ ಯಂತ್ರದ ಪರದೆಯಲ್ಲಿ 3.6 ಎಂದು ಕಂಡರೆ ಯಾರೂ ಮೋಸ ಮಾಡಿಲ್ಲ: ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಯಂತ್ರ 1024ರ ಲೆಕ್ಕದಲ್ಲಿ.

ನಾಲ್ಕು ಖಾನೆ, ನಾಲ್ಕು ಡಿಸ್ಕ್. ಕೈ ತಾನಾಗಿಯೇ ನಾಲ್ಕನ್ನೂ ತುಂಬಲು ಹೋಗುತ್ತದೆ. ರೇಡ್ 5 ಮಾಡಿದರೆ 12 ಟಿಬಿ. ರೇಡ್ 6 ಅಥವಾ ಎರಡು ಜೋಡಿ ಮಿರರ್ (ಒಂದರಲ್ಲಿರುವುದೇ ಇನ್ನೊಂದರಲ್ಲೂ) ಮಾಡಿದರೆ 8. ನಕಲೂ ಪ್ಯಾರಿಟಿಯೂ ಇಲ್ಲದ ರೇಡ್ 0 ಮಾಡಿದರೆ 16, ಮತ್ತು ಯಾವುದೋ ಒಂದು ಸತ್ತ ದಿನ ಸೊನ್ನೆ. ನಾನು ಕಾಗದದ ಮೇಲೆ ಈ ಅಂಕಿಗಳನ್ನು ಬರೆದು ಅಕ್ಕನ ಮುಂದಿಟ್ಟೆ. ಅವಳು ಒಂದು ಕಡೆಯಿಂದ ಓದಿ, "ಈಗ ನಮ್ಮ ಹತ್ತಿರ ಒಟ್ಟು ಎಷ್ಟಿದೆ?" ಎಂದು ಕೇಳಿದಳು.

ಏಳು ವರ್ಷದ ಕೆಲಸ 1.4 ಟಿಬಿ. ವರ್ಷಕ್ಕೆ ಸುಮಾರು 200 ಜಿಬಿ. 4 ಟಿಬಿ ತುಂಬಲು ಇನ್ನೂ ಹದಿಮೂರು ವರ್ಷ ಬೇಕು. ಅಷ್ಟರಲ್ಲಿ ಈ ಡಿಸ್ಕ್‌ಗಳೇ ಮುದಿಯಾಗಿರುತ್ತವೆ. 12ರ ಆಸೆ ಅಲ್ಲಿಗೆ ಕರಗಿತು. ವೇಗದ ಮಾತೂ ಅಷ್ಟೇ. ಕೋಣೆಯ ನೆಟ್‌ವರ್ಕ್ ಗಿಗಾಬಿಟ್‌ನದು, ಸೆಕೆಂಡಿಗೆ ಸುಮಾರು 110 ಎಂಬಿಗಿಂತ ಹೆಚ್ಚು ಅದರಲ್ಲಿ ಹರಿಯುವುದಿಲ್ಲ. ದೊಡ್ಡ ಕಡತಗಳನ್ನು ಸಾಲಾಗಿ ಓದುವಾಗ ಒಂದೇ ಡಿಸ್ಕ್ ಅದಕ್ಕಿಂತ ಹೆಚ್ಚು ಕೊಡುತ್ತದೆ. ನಾಲ್ಕನ್ನು ಒಟ್ಟಿಗೆ ಓಡಿಸಿದರೂ ದಾರಿ ಅಗಲವಾಗುವುದಿಲ್ಲ.

ಉಳಿದದ್ದು ಸುರಕ್ಷತೆ. ಇಲ್ಲಿ ರೇಡ್ 6 ನನ್ನನ್ನು ಸ್ವಲ್ಪ ಹೊತ್ತು ಎಳೆದಾಡಿತು. ಯಾವುದೇ ಎರಡು ಡಿಸ್ಕ್ ಸತ್ತರೂ ಬದುಕುತ್ತದೆ; ಹಿಂದಿನ ಅನುಭವದ ಮೇಲೆ ಅದಕ್ಕಿಂತ ಸಮಾಧಾನದ ಮಾತು ಯಾವುದಿದೆ? ಆಗ ಅಕ್ಕ ಎರಡನೆಯ ಪ್ರಶ್ನೆ ಕೇಳಿದಳು.

"ನಾನು ಕೈತಪ್ಪಿ ಒಂದು ಫೋಲ್ಡರ್ ಅಳಿಸಿದೆ ಎಂದುಕೋ. ನಿನ್ನ ನಾಲ್ಕು ಡಿಸ್ಕಿನಲ್ಲಿ ಅದು ಯಾವುದರಲ್ಲಿ ಉಳಿದಿರುತ್ತದೆ?"

ಯಾವುದರಲ್ಲೂ ಇಲ್ಲ. ಎಲ್ಲದರಿಂದಲೂ ಆ ಕ್ಷಣವೇ ಹೋಗುತ್ತದೆ. ರೇಡ್ ನಿಷ್ಠೆಯಿಂದ ಅದೇ ಕೆಲಸ ಮಾಡುತ್ತದೆ: ಬರೆದದ್ದನ್ನು ಎಲ್ಲ ಕಡೆ ಬರೆಯುವುದು, ಅಳಿಸಿದ್ದನ್ನು ಎಲ್ಲ ಕಡೆ ಅಳಿಸುವುದು. ಪೆಟ್ಟಿಗೆಯ ಪವರ್ ಸಪ್ಲೈ ಸುಟ್ಟು ಹೆಚ್ಚು ವೋಲ್ಟೇಜ್ ನುಗ್ಗಿದರೆ ನಾಲ್ಕಕ್ಕೂ ನುಗ್ಗುತ್ತದೆ. ಕಳ್ಳ ಎತ್ತಿಕೊಂಡು ಹೋದರೆ ನಾಲ್ಕನ್ನೂ ಒಟ್ಟಿಗೇ ಎತ್ತಿಕೊಂಡು ಹೋಗುತ್ತಾನೆ. ಕಂಪ್ಯೂಟರಿಗೆ ಹೊಕ್ಕ ಕುತಂತ್ರಾಂಶ ಕಡತಗಳನ್ನೆಲ್ಲ ಬೀಗ ಹಾಕಿ ಇಟ್ಟರೆ ಆ ಬೀಗವೂ ನಾಲ್ಕರ ಮೇಲೂ ಬೀಳುತ್ತದೆ. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ ರೇಡ್ ಎಂಬ ಹೆಸರಿಟ್ಟು ಪ್ರಬಂಧ ಬರೆದಾಗ ಅವರ ಚಿಂತೆ ಇದ್ದದ್ದು ದುಬಾರಿ ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕ್‌ಗಳನ್ನು ಗುಂಪು ಕಟ್ಟಿ ದುಡಿಸುವುದರ ಬಗ್ಗೆ. ಡಿಸ್ಕ್ ಸತ್ತರೂ ಕೆಲಸ ನಿಲ್ಲಬಾರದು, ಅಷ್ಟು. ಅದರಿಂದ ಬ್ಯಾಕಪ್ಪಿನ ಕೆಲಸ ನಿರೀಕ್ಷಿಸಿದವರು ನನ್ನಂಥವರು.

ಹಾಗಾಗಿ ಕಾಗದದ ಮೇಲಿನ ಪ್ರಶ್ನೆಯೇ ಬದಲಾಯಿತು. ನಾಲ್ಕು ಡಿಸ್ಕ್‌ಗಳನ್ನು ಹೇಗೆ ಜೋಡಿಸಲಿ ಎಂಬುದರ ಬದಲು, ಮೂರನೆಯದೂ ನಾಲ್ಕನೆಯದೂ ಎಲ್ಲಿರಲಿ ಎಂದು ಕೇಳಿಕೊಂಡೆ. ಎರಡು ಪೆಟ್ಟಿಗೆಯಲ್ಲಿ, ಮಿರರ್ ಆಗಿ. ಇನ್ನೆರಡು ಪೆಟ್ಟಿಗೆಯ ಹೊರಗೆ, ಬ್ಯಾಕಪ್ ಆಗಿ. ಅವುಗಳಲ್ಲಿ ಒಂದು ಯಾವಾಗಲೂ ಮನೆಯಿಂದಲೇ ಹೊರಗೆ. ಖಾಲಿ ಉಳಿಯುವ ಎರಡು ಖಾನೆಗಳ ಉಪಯೋಗ ಮುಂದೆ ಹೇಳುತ್ತೇನೆ.

ಡಿಸ್ಕ್ ಆರಿಸುವಾಗ

ತರುವ ಮೊದಲು ಮಾದರಿ ಸಂಖ್ಯೆ ಹಿಡಿದು ತಯಾರಕರ ವಿವರಪಟ್ಟಿಯಲ್ಲಿ ಎರಡು ವಿಷಯ ಹುಡುಕಿದೆ.

ಮೊದಲನೆಯದು ಬರೆಯುವ ವಿಧಾನ. ಎಸ್‌ಎಂಆರ್ ಡಿಸ್ಕ್‌ಗಳಲ್ಲಿ ಟ್ರ್ಯಾಕ್‌ಗಳು ಮಾಡಿನ ಹಂಚುಗಳಂತೆ ಒಂದರ ಅಂಚಿನ ಮೇಲೆ ಇನ್ನೊಂದು ಕುಳಿತಿರುತ್ತವೆ. ನಡುವಿನ ಒಂದು ಹಂಚು ಬದಲಿಸಬೇಕೆಂದರೆ ಮೇಲಿನ ಸಾಲನ್ನೂ ಎತ್ತಬೇಕು; ಇಲ್ಲೂ ಹಾಗೆಯೇ, ಒಂದು ಜಾಗ ತಿದ್ದಲು ಪಕ್ಕದ ಟ್ರ್ಯಾಕ್‌ಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. ದಿನನಿತ್ಯದ ಸಣ್ಣ ಕೆಲಸದಲ್ಲಿ ಇದು ಗೊತ್ತಾಗುವುದಿಲ್ಲ, ಡಿಸ್ಕ್ ಒಂದು ಮೂಲೆಯಲ್ಲಿ ಸದ್ಯಕ್ಕೆ ಬರೆದಿಟ್ಟುಕೊಂಡು ಬಿಡುವಾದಾಗ ಜೋಡಿಸುತ್ತದೆ. ಮರುಜೋಡಣೆಯಲ್ಲಿ ಗಂಟೆಗಟ್ಟಲೆ ಎಡೆಬಿಡದೆ ಬರೆಸಿದಾಗ ಆ ಮೂಲೆ ತುಂಬಿ ವೇಗ ಪಾತಾಳಕ್ಕೆ ಇಳಿಯುತ್ತದೆ. 2020ರಲ್ಲಿ ನಾಸ್‌ಗೆಂದೇ ಮಾರುತ್ತಿದ್ದ ಕೆಲವು ಡಿಸ್ಕ್‌ಗಳು ಪೆಟ್ಟಿಗೆಯ ಮೇಲೆ ಹೇಳದೆಯೇ ಎಸ್‌ಎಂಆರ್ ಆಗಿದ್ದವೆಂದು ಬಯಲಾಗಿ ದೊಡ್ಡ ಗಲಾಟೆಯಾಯಿತು. ಈಗ ವಿವರಪಟ್ಟಿಯಲ್ಲಿ ಬರೆಯುತ್ತಾರೆ. ನನಗೆ ಬೇಕಿದ್ದದ್ದು ಟ್ರ್ಯಾಕ್‌ಗಳು ಒಂದರ ಮೇಲೊಂದು ಕೂರದ ಸಿಎಂಆರ್.

ಎರಡನೆಯದು, ಓದಲಾಗದ ಸೆಕ್ಟರ್ ಎದುರಾದಾಗ ಡಿಸ್ಕ್ ಎಷ್ಟು ಹೊತ್ತು ಗುದ್ದಾಡುತ್ತದೆ ಎಂಬುದು. ಮೇಜಿನ ಕಂಪ್ಯೂಟರಿನ ಡಿಸ್ಕಿಗೆ ಬೇರೆ ಜೊತೆಗಾರನಿಲ್ಲ, ಹಾಗಾಗಿ ಅದು ನಿಮಿಷಗಟ್ಟಲೆ ಪ್ರಯತ್ನಿಸಬಹುದು. ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡು ಕಾದು, ಉತ್ತರ ಬಾರದಿದ್ದರೆ ಡಿಸ್ಕನ್ನೇ ರೀಸೆಟ್ ಮಾಡಲು ಹೊರಡುತ್ತದೆ. ಒಂದು ಕೆಟ್ಟ ಸೆಕ್ಟರಿಗಾಗಿ ಇಡೀ ಡಿಸ್ಕ್ ಗುಂಪಿನಿಂದ ಹೊರಬೀಳುವ ಸಂಭವ ಇರುವುದು ಇಲ್ಲೇ. ನಾಸ್ ಡಿಸ್ಕ್‌ಗಳು ಸುಮಾರು 7 ಸೆಕೆಂಡಿಗೆ ಕೈಚೆಲ್ಲಿ "ಇದು ನನ್ನಿಂದಾಗದು" ಎಂದುಬಿಡುತ್ತವೆ. ಜೊತೆಗಾರ ಡಿಸ್ಕಿನಿಂದ ಆ ತುಣುಕನ್ನು ತಂದು ಕೆಲಸ ಮುಂದುವರಿಯುತ್ತದೆ. ಬೇಗ ಸೋಲೊಪ್ಪಿಕೊಳ್ಳುವ ಗುಣ ಇಲ್ಲಿ ಬೇಕಾದದ್ದೇ. ಡಿಸ್ಕಿನ ಸ್ಥಿತಿ ಹೇಳುವ ಸ್ಮಾರ್ಟ್‌ಸಿಟಿಎಲ್ ಆದೇಶದಲ್ಲಿ ಈ ಅವಧಿಯನ್ನು ನೋಡಬಹುದು. ಸೆಕೆಂಡಿನ ಹತ್ತನೆಯ ಒಂದಂಶದ ಲೆಕ್ಕದಲ್ಲಿರುವುದರಿಂದ 70 ಎಂದು ಕಾಣುತ್ತದೆ.

ಇನ್ನೊಂದು ಸಣ್ಣ ಎಚ್ಚರ: ಮಿರರ್ ಆಗುವ ಎರಡನ್ನು ಬೇರೆ ಬೇರೆ ತಯಾರಕರಿಂದ ಆರಿಸಿದೆ. ಒಂದೇ ದಿನ ಒಂದೇ ಸಾಲಿನಲ್ಲಿ ಹುಟ್ಟಿದ ಅವಳಿಗಳು ಒಂದೇ ರೀತಿಯ ದೋಷ ಹೊತ್ತು ಒಂದೇ ವಾರದಲ್ಲಿ ಮಲಗುವುದು ಬೇಡ.

ಅರವತ್ತು ಗಂಟೆ

ಹೊಸ ಡಿಸ್ಕನ್ನು ನಂಬಿ ತಕ್ಷಣ ಕೆಲಸಕ್ಕೆ ಹಚ್ಚಲು ನನಗೆ ಮನಸ್ಸಿರಲಿಲ್ಲ. ಬ್ಯಾಡ್‌ಬ್ಲಾಕ್ಸ್ ಎಂಬ ಪ್ರೋಗ್ರಾಮಿಗೆ ಬರೆದು ಪರೀಕ್ಷಿಸು ಎಂದರೆ ಅದು ನಾಲ್ಕು ಬಗೆಯ ಮಾದರಿಗಳನ್ನು ಒಂದಾದ ಮೇಲೊಂದು ಇಡೀ ಡಿಸ್ಕಿನ ಮೇಲೆ ಬರೆದು, ಪ್ರತಿಸಲವೂ ಓದಿ ತಾಳೆ ನೋಡುತ್ತದೆ. ಒಟ್ಟು ಎಂಟು ಸಲ ಡಿಸ್ಕಿನ ಉದ್ದಕ್ಕೂ ಓಡಾಟ. ಸೆಕೆಂಡಿಗೆ ಸರಾಸರಿ 150 ಎಂಬಿ ಎಂದರೂ 4 ಟಿಬಿಗೆ ಒಂದು ಸುತ್ತು ಏಳೂವರೆ ಗಂಟೆ. ಶುಕ್ರವಾರ ಸಂಜೆ ನಾಲ್ಕನ್ನೂ ಒಟ್ಟಿಗೆ ಹಚ್ಚಿದೆ. ಅವುಗಳಲ್ಲಿ ಮೂರು ಮುಗಿದದ್ದು ಸೋಮವಾರ ಬೆಳಗಿನ ಜಾವ. (ಇದು ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅಳಿಸುವ ಪರೀಕ್ಷೆ. ಖಾಲಿ ಡಿಸ್ಕಿಗೆ ಮಾತ್ರ.)

ಶನಿವಾರ ಮಧ್ಯಾಹ್ನ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ಪಟ್ಟಿ ತೆಗೆದು ನೋಡಿದೆ. ನಾನು ಕಣ್ಣಿಡುವುದು ನಾಲ್ಕೈದು ಸಾಲುಗಳ ಮೇಲೆ: 5ನೆಯದು ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರ್‌ಗಳ ಎಣಿಕೆ, 197 ಓದಲಾಗದೆ ತೀರ್ಮಾನಕ್ಕೆ ಕಾದಿರುವವು, 198 ಕೈಬಿಟ್ಟವು, 199 ಕೇಬಲಿನಲ್ಲಿ ಸಾಗುವಾಗ ಕೆಟ್ಟ ಸಂದೇಶಗಳು. ಮೂರು ಡಿಸ್ಕ್‌ಗಳಲ್ಲಿ ಎಲ್ಲ ಸೊನ್ನೆ. ನಾಲ್ಕನೆಯದರ 199 ಮಾತ್ರ 12. ಅರ್ಧ ಗಂಟೆ ಬಿಟ್ಟು ನೋಡಿದರೆ 31. ಎದೆ ಧಸಕ್ಕೆಂದಿತು, ವಾಪಸ್ ಕೊಡಲು ಪೆಟ್ಟಿಗೆ ಎಲ್ಲಿಟ್ಟೆ ಎಂದು ಹುಡುಕಲೂ ಶುರು ಮಾಡಿದೆ.

ಆಮೇಲೆ ನೆನಪಾಯಿತು, 199 ಡಿಸ್ಕಿನ ಫಲಕದ ದೂರಲ್ಲ. ಅದು ದಾರಿಯ ದೂರು. ಆ ಪರೀಕ್ಷೆ ನಿಲ್ಲಿಸಿ ಪೆಟ್ಟಿಗೆ ಬಿಚ್ಚಿ ನೋಡಿದರೆ, ನಾಲ್ಕನೆಯ ಖಾನೆಯ ಸಾಟಾ ಕೇಬಲ್ ಫ್ಯಾನಿನ ಚೌಕಟ್ಟಿಗೂ ಮುಚ್ಚಳಕ್ಕೂ ನಡುವೆ ಸಿಕ್ಕಿ ಚೂಪಾಗಿ ಮಡಚಿಕೊಂಡಿತ್ತು. ಸಿಕ್ಕಿಸಿದ್ದು ನಾನೇ, ಮುಚ್ಚಳ ಕೂರಲಿಲ್ಲವೆಂದು ಅಂಗೈಯಿಂದ ಒತ್ತಿದ್ದೂ ನಾನೇ. ಬೇರೆ ಕೇಬಲ್ ಹಾಕಿ ಮತ್ತೆ ಹಚ್ಚಿದೆ. ಎಣಿಕೆ 38ರಲ್ಲಿ ನಿಂತಿತು. ಅದು ಮತ್ತೆ ಸೊನ್ನೆಗೆ ಇಳಿಯುವುದಿಲ್ಲ, ಡಿಸ್ಕ್ ಇರುವವರೆಗೂ 38 ಅಲ್ಲೇ ಇರುತ್ತದೆ. ಮುಂದೆ ನೋಡುವವರು ಗಾಬರಿಯಾಗದಿರಲಿ ಎಂದು ನೋಟ್‌ಬುಕ್ಕಿನಲ್ಲಿ "38, ಮಡಚಿದ ಕೇಬಲ್, ಡಿಸ್ಕಿನ ತಪ್ಪಲ್ಲ" ಎಂದು ಬರೆದಿಟ್ಟೆ.

ಸ್ಮಾರ್ಟ್ ಸೊನ್ನೆಗಳನ್ನು ಕಂಡು ನಿಶ್ಚಿಂತರಾಗುವ ಹಾಗೂ ಇಲ್ಲ. ಗೂಗಲ್ ತನ್ನ ಡಿಸ್ಕ್‌ಗಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಸೊನ್ನೆ ಅಲ್ಲದ್ದು ಕಂಡರೆ ಎಚ್ಚರ. ಸೊನ್ನೆ ಕಂಡರೆ ಸುಮ್ಮನೆ ಸೊನ್ನೆ.

ಪೂಲ್ ಕಟ್ಟಿದ್ದು

ಮಿರರ್ ಮಾಡಲು ಎಂಡಿಎಡಿಎಂ ಸಾಕಿತ್ತು. ಹಳೆಯದು, ಗಟ್ಟಿ, ನನಗೆ ಕೈಬಂದದ್ದು. ಆದರೆ ಅದರಲ್ಲಿ ಒಂದು ಕೊರತೆ. ತಿಂಗಳ ತಪಾಸಣೆಯಲ್ಲಿ ಎರಡು ಡಿಸ್ಕ್‌ಗಳ ಒಂದೇ ಜಾಗದಲ್ಲಿ ಬೇರೆ ಬೇರೆ ವಿಷಯ ಕಂಡರೆ, ಮತ್ತು ಎರಡೂ ದೋಷವಿಲ್ಲದೆ ಓದಿಸಿಕೊಂಡರೆ, ಯಾವುದು ನಿಜ ಎಂದು ಅದಕ್ಕೆ ತಿಳಿಯುವುದಿಲ್ಲ. ವ್ಯತ್ಯಾಸಗಳನ್ನು ಎಣಿಸಿ ಹೇಳುತ್ತದೆ, ಅಷ್ಟೇ. ಝಡ್‌ಎಫ್‌ಎಸ್ ಎಂಬ ಕಡತವ್ಯವಸ್ಥೆ ಪ್ರತಿ ತುಣುಕಿನ ಚೆಕ್‌ಸಮ್ಮನ್ನು (ವಿಷಯದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಬೇರೆ ಕಡೆ ಬರೆದಿಟ್ಟುಕೊಂಡಿರುತ್ತದೆ. ಇಬ್ಬರು ಸಾಕ್ಷಿಗಳು ಬೇರೆ ಬೇರೆ ಹೇಳಿದಾಗ ಕೈಯಲ್ಲಿ ಮುದ್ರೆಯ ಪ್ರತಿ ಇದ್ದ ಹಾಗೆ. ಸರಿಯಾದದ್ದನ್ನು ಕೊಟ್ಟು, ತಪ್ಪಾದದ್ದನ್ನು ತಾನೇ ತಿದ್ದುತ್ತದೆ. ಬೂದು ಪಟ್ಟಿ ನೋಡಿದ ಮೇಲೆ ನನಗೆ ಈ ಒಂದು ಕಾರಣವೇ ಸಾಕಾಯಿತು.

ಇನ್ನೊಂದು ಲಾಭ ಮರುಜೋಡಣೆಯಲ್ಲಿದೆ. ಎಂಡಿಎಡಿಎಂಗೆ ಡಿಸ್ಕಿನ ಮೇಲೆ ಏನಿದೆ ಎಂಬುದರ ಅರಿವಿಲ್ಲ, ಹೊಸ ಡಿಸ್ಕ್ ಕೊಟ್ಟರೆ 4 ಟಿಬಿಯನ್ನೂ ನಕಲು ಮಾಡುತ್ತದೆ. ಝಡ್‌ಎಫ್‌ಎಸ್ ಬಳಕೆಯಲ್ಲಿರುವ 1.4 ಟಿಬಿಯನ್ನಷ್ಟೇ ಮಾಡುತ್ತದೆ.

ಪೂಲ್ (ಝಡ್‌ಎಫ್‌ಎಸ್ ಒಂದಾಗಿ ಕಾಣುವ ಡಿಸ್ಕ್‌ಗಳ ಗುಂಪು) ಕಟ್ಟುವಾಗ ಡಿಸ್ಕ್‌ಗಳನ್ನು ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರಿನಿಂದ ಕರೆಯಲಿಲ್ಲ. ಒಂದು ಯುಎಸ್‌ಬಿ ಡಿಸ್ಕ್ ಸಿಕ್ಕಿಸಿ ಮತ್ತೆ ಚಾಲೂ ಮಾಡಿದರೆ ಆ ಹೆಸರುಗಳು ಸಂಗೀತ ಕುರ್ಚಿ ಆಡುತ್ತವೆ. ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ ಸೇರಿದ ಉದ್ದನೆಯ ಗುರುತಿನಿಂದಲೇ ಕರೆದೆ. ಪ್ರತಿ ಟ್ರೇಯ ಮುಂದೆ ಕ್ರಮಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳ ಚೀಟಿ ಅಂಟಿಸಿದೆ. ಆ ಕ್ಷಣದಲ್ಲಿ ಕಡತಗಳು ಹೇಗಿದ್ದವೋ ಹಾಗೇ ಹಿಡಿದಿಡುವ ಸ್ನ್ಯಾಪ್‌ಶಾಟ್ ಗಂಟೆಗೊಂದು, ದಿನಕ್ಕೊಂದು, ತಿಂಗಳಿಗೊಂದು. ಗಂಟೆಯವು ಎರಡು ದಿನ, ದಿನದವು ಒಂದು ತಿಂಗಳು, ತಿಂಗಳವು ಒಂದು ವರ್ಷ ಉಳಿಯುತ್ತವೆ. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಪೆಟ್ಟಿಗೆಗೆ ಸೇರಿಸಿ, ಬ್ಯಾಟರಿ ಕೆಳಗಿಳಿದರೆ ತಾನೇ ಕ್ರಮವಾಗಿ ಮುಚ್ಚಿಕೊಳ್ಳುವಂತೆ ಮಾಡಿದೆ.

ಬೇಕೆಂದೇ ಕೆಡಿಸಿದ್ದು

ಎರವಲು ಡಿಸ್ಕಿನಲ್ಲಿ ಎಲ್ಲದರ ಪ್ರತಿ ಇನ್ನೂ ಇತ್ತು. ಹಿಂತಿರುಗಿಸುವ ಮೊದಲೇ ಅನಾಹುತದ ತಾಲೀಮು ಮುಗಿಸಬೇಕಿತ್ತು.

ಒಂದು ದೊಡ್ಡ ಕಡತ ಸಾಗುತ್ತಿದ್ದಾಗಲೇ ಮೊದಲ ಖಾನೆಯ ಡಿಸ್ಕನ್ನು ಎಳೆದೆ. ಸಾಗಣೆ ಉಸಿರು ಹಿಡಿದ ಹಾಗೆ ಕೆಲವು ಕ್ಷಣ ನಿಂತು, ಮತ್ತೆ ಮುಂದುವರಿಯಿತು. ಪೂಲ್‌ನ ಸ್ಥಿತಿ ಕೇಳಿದರೆ ಒಂದು ಡಿಸ್ಕ್ ತೆಗೆಯಲಾಗಿದೆ, ಪೂಲ್ ದುರ್ಬಲವಾಗಿದೆ ಎಂದು ಸರಿಯಾಗಿಯೇ ಹೇಳಿತು. ಫೋನ್ ಕೈಯಲ್ಲಿ ಹಿಡಿದು ಇಮೇಲ್‌ಗಾಗಿ ಕಾದೆ. ಹತ್ತು ನಿಮಿಷ. ಅರ್ಧ ಗಂಟೆ. ಬರಲಿಲ್ಲ.

ಎಚ್ಚರಿಕೆ ಹೊರಟಿತ್ತು, ಆದರೆ ಯಂತ್ರದ ಮೇಲ್ವಿಚಾರಕನ ರೂಟ್ ಖಾತೆಗೆ ಹೋಗಿ ಆ ಯಂತ್ರದೊಳಗಿನ ಅಂಚೆಪೆಟ್ಟಿಗೆಯಲ್ಲೇ ತಣ್ಣಗೆ ಕುಳಿತಿತ್ತು. ಹಳೆಯ ಪೆಟ್ಟಿಗೆಯಲ್ಲಿ ಬೀಪ್ ನಿಲ್ಲಿಸಿದ್ದೆ, ಹೊಸದರಲ್ಲಿ ಬೀಪ್ ತನಗೆ ತಾನೇ ಹೇಳಿಕೊಳ್ಳುತ್ತಿತ್ತು. ಹೊರಗಿನ ಅಂಚೆ ಸರ್ವರಿನ ವಿವರ ಕೊಟ್ಟು, ನನಗೂ ಅಕ್ಕನಿಗೂ ಬರುವಂತೆ ಮಾಡಿ, ಡಿಸ್ಕನ್ನು ಮತ್ತೆ ಹಾಕಿ ಮತ್ತೆ ಎಳೆದೆ. ಈ ಸಲ ಒಂದು ನಿಮಿಷದೊಳಗೆ ಎರಡು ಫೋನುಗಳೂ ಸದ್ದು ಮಾಡಿದವು. ಈ ತಾಲೀಮಿನಿಂದ ಸಿಕ್ಕ ದೊಡ್ಡ ಲಾಭ ಇದೇ. ಮಿರರ್ ಒಂಟಿ ಕಾಲಿನ ಮೇಲೆ ನಿಂತದ್ದು ಗೊತ್ತಾಗದೆ ತಿಂಗಳುಗಳು ಕಳೆದರೆ ಎರಡು ಡಿಸ್ಕ್ ಹಾಕಿ ಫಲವೇನು? ಎಳೆದ ಡಿಸ್ಕನ್ನು ಹಿಂದೆ ಹಾಕಿದಾಗ, ಅದು ಹೊರಗಿದ್ದಾಗ ಬದಲಾದಷ್ಟನ್ನು ಮಾತ್ರ ತುಂಬಿಕೊಂಡು ಕೆಲವೇ ಸೆಕೆಂಡಿನಲ್ಲಿ ಸರಿಹೋಯಿತು.

ಎರಡನೆಯ ತಾಲೀಮು ಅಕ್ಕನದು. ನಾನು ಊರಲ್ಲಿಲ್ಲದಾಗ ಡಿಸ್ಕ್ ಸತ್ತರೆ ಏನು ಮಾಡಬೇಕೆಂದು ಒಂದು ಹಾಳೆಯಲ್ಲಿ ಬರೆದು ಅವಳ ಕೈಗಿತ್ತು, ಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಂತೆ. ಬಾಯಿ ಬಿಡಬಾರದೆಂದು ಒಪ್ಪಂದ.

ಎರಡನೆಯ ಸಾಲಿಗೇ ತಡೆ. "ಇಲ್ಲಿ 'ಹಳೆಯ ಡಿಸ್ಕ್' ಎಂದು ಬರೆದಿದ್ದೀಯ. ಎರಡೂ ಒಂದೇ ದಿನ ಹಾಕಿದ್ದಲ್ಲವೇ?" ಎಂದಳು. ನ್ಯಾಯವಾದ ಮಾತು, "ಪರದೆಯಲ್ಲಿ ಕೆಟ್ಟಿದೆ ಎಂದು ತೋರಿಸುವ ಡಿಸ್ಕ್" ಎಂದು ತಿದ್ದಿಕೊಟ್ಟೆ. ಐದನೆಯ ಸಾಲಿಗೆ ಇನ್ನೊಂದು ತಡೆ. ಕೆಟ್ಟದ್ದೆಂದು ನಾನು ಗುರುತು ಹಾಕಿದ್ದ ಡಿಸ್ಕಿನ ಕೊನೆಯ ಅಂಕಿಗಳು ಪರದೆಯಲ್ಲಿ 6091. ಅವಳು ಪೆಟ್ಟಿಗೆಯ ಮುಂದೆ ಬಗ್ಗಿ ನೋಡಿ, "6091 ಇಲ್ಲವಲ್ಲ, 1609 ಒಂದಿದೆ" ಎಂದಳು. ಹೋಗಿ ನೋಡಿದರೆ, ಆ ಟ್ರೇಯ ಚೀಟಿಯನ್ನು ನಾನು ತಲೆಕೆಳಗಾಗಿ ಅಂಟಿಸಿದ್ದೆ. 6091 ಅನ್ನು ತಿರುಗಿಸಿ ಹಿಡಿದರೆ ಅಚ್ಚುಕಟ್ಟಾಗಿ 1609 ಆಗುತ್ತದೆ. ಕೈಬರಹದ ಆ ಚೀಟಿಗಳನ್ನೆಲ್ಲ ಕಿತ್ತು, ಅಂಕಿಗಳ ಕೆಳಗೆ ದಪ್ಪ ಗೆರೆ ಎಳೆದ ಹೊಸ ಚೀಟಿ ಅಂಟಿಸಿದವಳು ಅಕ್ಕ. ಅಚ್ಚಿನ ಕೆಲಸದವಳ ಕಣ್ಣು ಅದು.

ಹಾಳೆಯ ಮುಖ್ಯ ಸಾಲು ಹೀಗಿದೆ: ಯಾವುದನ್ನೂ ಎಳೆಯಬೇಡ, ಮೊದಲು ಹೊಸ ಡಿಸ್ಕನ್ನು ಖಾಲಿ ಖಾನೆಗೆ ಹಾಕು. ಖಾನೆಗಳನ್ನು ಖಾಲಿ ಬಿಟ್ಟದ್ದು ಇದಕ್ಕೇ. ಕಾಯಿಲೆ ಬಿದ್ದ ಡಿಸ್ಕ್ ಪೂರ್ತಿ ಸತ್ತಿರುವುದು ಅಪರೂಪ, ಬಹುಪಾಲು ಸೆಕ್ಟರ್‌ಗಳು ಅದರಲ್ಲಿ ಇನ್ನೂ ಓದುವಂತಿರುತ್ತವೆ. ಅದನ್ನು ಜಾಗದಲ್ಲೇ ಬಿಟ್ಟು ಬದಲಿಸು ಎಂಬ ಆದೇಶ ಕೊಟ್ಟರೆ, ಹೊಸದು ತುಂಬುವವರೆಗೂ ಎರಡು ಮೂಲಗಳು ಉಳಿಯುತ್ತವೆ: ಒಳ್ಳೆಯ ಡಿಸ್ಕಿನಲ್ಲಿ ಒಂದು ತುಣುಕು ಓದಲಾಗದಿದ್ದರೆ ಕಾಯಿಲೆಯದ್ದೂ ನೆರವಿಗೆ ಬರುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಮೂರು ಖಾನೆಗೆ ಮೂರು ಡಿಸ್ಕ್ ತುಂಬಿದ್ದರಿಂದ, ಕಾಯಿಲೆಯದ್ದನ್ನು ಮೊದಲು ಕಿತ್ತೇ ಹೊಸದನ್ನು ಹಾಕಬೇಕಾಗಿತ್ತು. ಅದರಲ್ಲಿ ಎಷ್ಟು ಜೀವ ಉಳಿದಿತ್ತೋ.

ಬ್ಯಾಕಪ್ಪಿಗೆಂದು ತೆಗೆದಿಟ್ಟ ಖಾಲಿ ಡಿಸ್ಕೊಂದನ್ನು ಅಕ್ಕ ಮೂರನೆಯ ಖಾನೆಗೆ ಹಾಕಿ, ಹಾಳೆ ನೋಡಿ ಆದೇಶ ಕೊಟ್ಟಳು. ಮೂರು ಗಂಟೆ ಐದು ನಿಮಿಷಕ್ಕೆ ತುಂಬಿತು. ಆಮೇಲೆ ಅದೇ ಕ್ರಮವನ್ನು ಹಿಂದುಮುಂದು ಮಾಡಿ ಮೊದಲಿನಂತೆ ಜೋಡಿಸಿದೆವು.

ಹೊರಗಿನ ಎರಡು

ಬ್ಯಾಕಪ್ ಡಿಸ್ಕ್‌ಗಳೆರಡೂ ಯುಎಸ್‌ಬಿ ಕವಚದಲ್ಲಿವೆ. ಒಂದೊಂದರಲ್ಲೂ ಒಂದೇ ಡಿಸ್ಕಿನ ಸ್ವತಂತ್ರ ಪೂಲ್, ಗೂಢಲಿಪೀಕರಿಸಿದ್ದು. ಮನೆಯಿಂದ ಹೊರಗೆ ಹೋಗುವ ಡಿಸ್ಕ್ ದಾರಿಯಲ್ಲಿ ಕಳೆದರೆ ಗ್ರಾಹಕರ ಪುಸ್ತಕಗಳು ಬೀದಿಗೆ ಬರಬಾರದು. ಕೀಲಿಪದ ಎರಡು ಕಾಗದದ ಮೇಲೆ, ಎರಡು ಕಡೆ ಇದೆ. ಪೆಟ್ಟಿಗೆಯೊಳಗೆ ಮಾತ್ರ ಇಟ್ಟಿದ್ದರೆ ಪೆಟ್ಟಿಗೆ ಸತ್ತ ದಿನ ಬ್ಯಾಕಪ್ಪೂ ಬೀಗದ ಹಿಂದೆ ಉಳಿಯುತ್ತಿತ್ತು. ಮೊದಲ ಸಲ ಪೂರ್ತಿ ಪ್ರತಿ, ಆಮೇಲೆ ಹಿಂದಿನ ಸ್ನ್ಯಾಪ್‌ಶಾಟ್‌ಗೂ ಈಗಿನದಕ್ಕೂ ಇರುವ ವ್ಯತ್ಯಾಸ ಮಾತ್ರ ಹೋಗುತ್ತದೆ. ವಾರದ ಕೆಲಸಕ್ಕೆ ಕೆಲವೇ ನಿಮಿಷ. ಪ್ರತಿ ಶನಿವಾರ ಒಂದು ಬರುತ್ತದೆ, ಒಂದು ಹೋಗುತ್ತದೆ. ನಕಲು ಮುಗಿದೊಡನೆ ತಂತಿ ಕಳಚುವುದು ಕಡ್ಡಾಯ. ಸಿಕ್ಕಿಸಿಯೇ ಬಿಟ್ಟರೆ ಅದು ಪೆಟ್ಟಿಗೆಯ ಮೂರನೆಯ ಡಿಸ್ಕ್ ಆದಂತೆ.

ಮಿರರಿನ ಡಿಸ್ಕ್ ಸತ್ತರೆ ಬ್ಯಾಕಪ್ಪಿನದ್ದೊಂದನ್ನು ಅಲ್ಲಿಗೆ ಎಳೆದು ಹಾಕುವುದಿಲ್ಲ ಎಂದೂ ಹಾಳೆಯಲ್ಲಿ ಬರೆದಿದ್ದೇನೆ. ಗಾಬರಿಯಲ್ಲಿ ಕೈ ಮೊದಲು ಹೋಗುವುದು ಅದಕ್ಕೇ. ತಾಲೀಮಿನ ಹೊತ್ತಿಗೆ ಅದು ಖಾಲಿ ಡಿಸ್ಕ್, ಈಗ ಅಲ್ಲ.

ಮೂರನೆಯ ವಾರದಲ್ಲಿ ಅಕ್ಕ ನಿಜವಾಗಿಯೇ ಒಂದು ಫೋಲ್ಡರ್ ಅಳಿಸಿದಳು, ಒಂದು ಪುಸ್ತಕದ ನಾಲ್ಕನೆಯ ಅಧ್ಯಾಯದ ಚಿತ್ರಗಳು. ಹಿಂದಿನ ಗಂಟೆಯ ಸ್ನ್ಯಾಪ್‌ಶಾಟ್ ತೆರೆದು ತಾನೇ ಎತ್ತಿಕೊಂಡಳು. ನನಗೆ ಗೊತ್ತಾದದ್ದು ರಾತ್ರಿ ಊಟದ ಹೊತ್ತಿಗೆ.

ಡೆಬಿಯನ್‌ನ ಝಡ್‌ಎಫ್‌ಎಸ್ ಜೊತೆಗೇ ಬರುವ ನಿಗದಿಯಂತೆ ಸ್ಕ್ರಬ್ ತಿಂಗಳ ಎರಡನೆಯ ಭಾನುವಾರ ನಡೆಯುತ್ತದೆ. ಮೊದಲನೆಯದು ಎರಡು ಗಂಟೆ ಐವತ್ತು ನಿಮಿಷ ಹಿಡಿಯಿತು, ತಿದ್ದಿದ್ದು ಸೊನ್ನೆ, ದೋಷ ಸೊನ್ನೆ. 199ನೆಯ ಸಾಲು 38ರಲ್ಲೇ ಇದೆ. ಹಳೆಯ ಪೆಟ್ಟಿಗೆಯ ಡಿಸ್ಕ್‌ಗಳು ಇನ್ನೂ ಮೇಜಿನ ಖಾನೆಯಲ್ಲಿವೆ. ಅವನ್ನು ಪೂರ್ತಿ ಅಳಿಸಿ ವಿಲೇವಾರಿ ಮಾಡುವ ಕೆಲಸ ಬಾಕಿ. ಆ ಮುಖಪುಟವನ್ನು ಅಕ್ಕ ಹೊಸದಾಗಿ ಮಾಡಿಕೊಟ್ಟಿದ್ದಾಳೆ.